ಶಾಂಭವಿಗೊಂದು ವಾಲ್ವ್ ಆಂಪು

ಆಳಂದದ ಬಜಾರದಲ್ಲಿ ವಾಲ್ವ್ ರೇಡಿಯೊ ರಿಪೇರಿ ಬಲ್ಲವನು ಈಗ ನಾನೊಬ್ಬನೇ. ಇದನ್ನು ಜಂಬಕ್ಕೇ ಹೇಳುತ್ತಿದ್ದೇನೆ. ಅರವತ್ತೆಂಟು ವರ್ಷಕ್ಕೆ ಮನುಷ್ಯನಿಗೆ ಅಷ್ಟೂ ಜಂಬ ಬೇಡವೆಂದರೆ ಹೇಗೆ? ನನ್ನ ಹೆಸರು ಲಾಡ್ಲೆಸಾಬ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ಅಖ್ತರಬೇಗಂ ಬಂದವರಿಗೆಲ್ಲ ಮೊದಲೇ ಹೇಳಿಬಿಡುತ್ತಾಳೆ.

ಭೂಸನೂರಿನ ಸುಂದರಬಾಯಿ ನನ್ನ ಅಂಗಡಿಗೆ ಬಂದದ್ದು ಏಪ್ರಿಲ್ ಕೊನೆಯಲ್ಲಿ. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಕಬ್ಬಿನ ಹೊಲ, ಮನೆ ಎಲ್ಲ ಮೈದುನ ದೌಲತರಾಯನ ಮಾತಿನಂತೆ ನಡೆಯುತ್ತಿತ್ತು. ಆನೆ ನಡೆದದ್ದೇ ದಾರಿ. ಒಬ್ಬಳೇ ಮಗಳು ಶಾಂಭವಿ, ಹತ್ತೊಂಬತ್ತರವಳು, ಮೂರು ವರ್ಷದಿಂದ ಗಿಟಾರ್ ಕಲಿಯುತ್ತಿದ್ದಳು. ಸ್ವಂತ ಆಂಪು ತಂದರೆ ಸೇರಿಸಿಕೊಳ್ಳುತ್ತೇವೆ ಎಂದು ಕಲಬುರಗಿಯ ಬ್ಯಾಂಡಿನವರು ಹೇಳಿದ್ದರಂತೆ. ಆಂಪು ಅಂದರೆ ತಂತಿಯ ದನಿಯನ್ನು ದೊಡ್ಡದು ಮಾಡುವ ಪೆಟ್ಟಿಗೆ. ಹುಡುಗಿಗೆ ಅದು ಹಳೆಯ ರೇಡಿಯೊಗಳಂತೆ ಗಾಜಿನ ಬುರುಡೆ ಕೆಂಪಗೆ ಕಾಯುವ ವಾಲ್ವಿನದೇ ಆಗಬೇಕು. ದೌಲತರಾಯನಿಗೆ ಗಿಟಾರೇ ಬೇಡ. ಸುಂದರಬಾಯಿ ನಡುವೆ ನಿಂತು ಒಂದು ಕರಾರು ಮಾಡಿದ್ದಳು. ಲಾಡ್ಲೆಸಾಬ ನೋಡಿ ಚಲೋ ಅಂದದ್ದನ್ನು ಕೊಳ್ಳುವುದು. ಏನಾದರೂ ಹೆಚ್ಚುಕಡಿಮೆಯಾದರೆ ಆಂಪೂ ಇಲ್ಲ, ಗಿಟಾರೂ ಇಲ್ಲ, ಬ್ಯಾಂಡೂ ಇಲ್ಲ.

ಸೊಲ್ಲಾಪುರದಲ್ಲಿ ಮುಚ್ಚಿಹೋದ ಒಂದು ಆರ್ಕೆಸ್ಟ್ರಾದವರಿಂದ ಎರಡು ಆಂಪು ನೋಡಲಿಕ್ಕೆಂದು ತರಿಸಿದೆ. ಒಂದು ಐದು ವ್ಯಾಟಿನದು, ಒಂದೇ ಕೈಯಲ್ಲಿ ಎತ್ತಬಹುದು. ಇನ್ನೊಂದು ನೂರು ವ್ಯಾಟಿನದು, ಟೆಂಪೊದಿಂದ ಇಳಿಸಲು ಇಬ್ಬರು ಬೇಕಾದರು. ಭೂಸನೂರಿನ ಆ ಮನೆಯ ನಡುಮನೆಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟೆವು. ಶಾಂಭವಿ ಸಣ್ಣದರ ಕಡೆ ನೋಡಲೂ ಇಲ್ಲ.

ಮೊದಲು ಸಣ್ಣದರ ಪ್ಲಗ್ಗು ಹಾಕಿದೆ. ನಡುಮನೆಯ ಬಲ್ಬು ಸ್ವಲ್ಪ ಮಂಕಾಯಿತು, ವಾಲ್ವಿನೊಳಗಿನ ಕೆಂಪೂ ಸರಿಯಾಗಿ ಏರಲಿಲ್ಲ. ದೌಲತರಾಯ ತಾಳ್ರಿ ಅಂದವನೇ ಅಡುಗೆಮನೆಯಿಂದ ಒಂದು ಕೊಡ ನೀರು ಹೊತ್ತು, ಫರಸಿಕಲ್ಲಿನ ನೆಲದ ಮೇಲೆಲ್ಲ ತುಳುಕಿಸುತ್ತ ಹಿತ್ತಲಿಗೆ ಹೋದ. ನಮ್ಮ ಕಡೆ ಇದು ಹೊಸದಲ್ಲ. ಕಂಬದಿಂದ ಬರುವ ಎರಡು ತಂತಿಗಳಲ್ಲಿ ಕರೆಂಟು ವಾಪಸು ಹೋಗುವ ತಂತಿ ಕೈಕೊಟ್ಟರೆ, ಲೈನ್‌ಮನ್‌ಗೆ ಕಾಯುವವರಾರು? ಹಿತ್ತಲಲ್ಲಿ ಕಬ್ಬಿಣದ ಸಲಾಕೆ ಹೂತು ಅದಕ್ಕೇ ತಂತಿ ಕಟ್ಟುತ್ತಾರೆ. ಬೇಸಿಗೆಯಲ್ಲಿ ಕಪ್ಪು ಎರಿಮಣ್ಣು ಒಣಗಿ ಲೈಟು ಮಂಕಾದಾಗ ಸಲಾಕೆಯ ಬುಡಕ್ಕೆ ನೀರು ಹೊಯ್ಯುತ್ತಾರೆ, ಲೈಟು ಝಗ್ಗೆನ್ನುತ್ತದೆ. ಅಂದೂ ಹಾಗೆಯೇ ಆಯಿತು. ನನಗೆ ಇದೆಲ್ಲ ಗೊತ್ತಿತ್ತು. ಕರೆಂಟು ತಾಗಿದರೆ ಬೆಳಗುವ ಟೆಸ್ಟರ್ ಜೇಬಿನಲ್ಲೇ ಇತ್ತು. ದೊಡ್ಡವರ ಮನೆಯ ವೈರಿಂಗಿನಲ್ಲಿ ತಪ್ಪು ಹುಡುಕುವುದು ಬೇಡವೆಂದು ಸುಮ್ಮನಿದ್ದೆ.

ಸಣ್ಣ ಆಂಪು ಚೆನ್ನಾಗಿ ನುಡಿಯಿತು. ಮೆಲ್ಲಗೆ ಮೀಟಿದರೆ ಮೆತ್ತಗೆ, ಒತ್ತಿ ಮೀಟಿದರೆ ಗಂಟಲು ಕಟ್ಟಿದ ಹಾಗೆ ಒರಟು. ಬೆರಳು ಎಲ್ಲಿ ತಡವರಿಸಿತೋ ಅದನ್ನೂ ಮುಚ್ಚಿಡಲಿಲ್ಲ. ಕಲಿಯುವವರಿಗೆ ಇಂಥದ್ದೇ ಬೇಕು ಅಂದೆ. ದೊಡ್ಡದರ ನಿಜವಾದ ದನಿ ಬರಬೇಕಾದರೆ ಊರೇ ಎದ್ದು ಕೂರುವಷ್ಟು ಏರಿಸಬೇಕು, ಮನೆಯಲ್ಲಿ ಅದು ಬಾಯಿ ಕಟ್ಟಿದ ಎತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದೂ ಸೇರಿಸಿದೆ. ಅದೇ ಆಕೆಗೆ ಚುಚ್ಚಿತು. ಬ್ಯಾಂಡಿನಲ್ಲಿ ಡ್ರಮ್ಮಿನ ಎದುರು ಐದು ವ್ಯಾಟು ಯಾರ ಕಿವಿಗೆ ಬಿದ್ದೀತು, ಹುಡುಗಿಯೆಂದು ನನಗೆ ಸಣ್ಣದು ಸಾಕೇ ಎಂದು ಕೇಳಿದಳು. ನನಗೆ ರೇಗಿತು. ನೀನೇ ನೋಡಿಕೋ ಎಂದು ಗಿಟಾರಿನ ವೈರನ್ನು ದೊಡ್ಡದಕ್ಕೆ ಸಿಕ್ಕಿಸಿ, ಅದರ ಪ್ಲಗ್ಗನ್ನು ಸಿಟ್ಟಿನಲ್ಲೇ ಸಾಕೆಟ್ಟಿಗೆ ಒತ್ತಿದೆ.

ಬಲ್ಬು ಮತ್ತೆ ಮಂಕಾಯಿತು, ಈ ಸಲ ಹೆಚ್ಚು. ದೌಲತರಾಯ ಗೊಣಗುತ್ತ ಇನ್ನೊಂದು ಕೊಡ ತುಂಬಲು ಹೋದ. ಶಾಂಭವಿ ಬರಿಗಾಲಲ್ಲಿ, ನೀರು ತುಳುಕಿದ್ದ ಫರಸಿಯ ಮೇಲೆ ನಿಂತು ಗಿಟಾರಿನ ತಂತಿಯ ಮೇಲೊಂದು ಬೆರಳಿಟ್ಟು ತೆಗೆದಳು.

"ಚಾಚಾ, ತಂತಿ ಜುಮ್ ಅನ್ನಾಕತ್ತಾವ."

"ಹೊಸಾ ತಂತಿ ಹಂಗ ಇರ್ತಾವ. ನೀ ಬಾರಸು."

ಆ ಮಾತು ನನ್ನ ಬಾಯಿಂದಲೇ ಬಂತು. ಅವಳು ಎಡಗೈ ತುಂಬ ಗಿಟಾರಿನ ಕತ್ತು ಹಿಡಿದು ತಂತಿಗಳನ್ನು ಒತ್ತಿದಳು. ಕೈ ಹಾಗೇ ಬಿಗಿದುಕೊಂಡಿತು. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಕಣ್ಣು ಮಾತ್ರ ನನ್ನನ್ನೇ ನೋಡುತ್ತಿದ್ದವು.

ಸುಂದರಬಾಯಿ ಮಗಳನ್ನು ತಬ್ಬಲು ಓಡಿದಳು. ಮುಟ್ಟಿದ್ದರೆ ಅವಳೂ ಅಂಟಿಕೊಳ್ಳುತ್ತಿದ್ದಳು. ಹೇಳಲು ಸಮಯವಿರಲಿಲ್ಲ, ಎರಡೂ ಕೈಯಿಂದ ಅವಳನ್ನು ಗೋಡೆಗೆ ದಬ್ಬಿದೆ. ಆಕೆ ಬಿದ್ದಳು. ಬಾಗಿಲಲ್ಲಿ ದೌಲತರಾಯನ ಕೈಯಿಂದ ಕೊಡ ಬಿತ್ತು. ನೀರು ಹರಿದು ಬರುವ ಮೊದಲು ನಾನು ಸಾಕೆಟ್ಟಿನ ಹತ್ತಿರ ಹೋಗಬೇಕಿತ್ತು. ಒಂದೂವರೆ ಮಾರು ದೂರ, ಅದರಲ್ಲಿ ನನ್ನ ಮೊಣಕಾಲು ಎಂಟು ವರ್ಷದಿಂದ ಸರಿಯಿಲ್ಲ. ವೈರು ಹಿಡಿದು ಜಗ್ಗಿದೆ. ಒಮ್ಮೆಗೆ ಬರಲಿಲ್ಲ, ಅಷ್ಟು ಸಿಟ್ಟಿನಿಂದ ಒತ್ತಿದ್ದೆ. ಎರಡನೇ ಸಲಕ್ಕೆ ಕಿತ್ತು ಬಂತು. ಶಾಂಭವಿ ಗಿಟಾರಿನ ಸಮೇತ ಕೆಳಗೆ ಬಿದ್ದಳು.

ಜೀಪಿನಲ್ಲಿ ಆಳಂದದ ದವಾಖಾನೆಗೆ ಒಯ್ದೆವು. ಎದೆಯ ಬಡಿತ ಸರಿಯಿದೆ, ಎಡಗೈಯ ಮೂರು ಬೆರಳು ಮಾತ್ರ ಸುಟ್ಟಿವೆ ಎಂದರು ಡಾಕ್ಟರು. ಆಗ ದೌಲತರಾಯ ನನ್ನ ಪಕ್ಕದ ಬೆಂಚಿಗೆ ಬಂದು ಕೂತ.

"ಮಷೀನ ಕೆಟ್ಟಿತ್ತು. ಹೌದಲ್ರಿ, ಲಾಡ್ಲೆಸಾಬ?"

ಸುಂದರಬಾಯಿ ಎದುರಿಗೇ ಇದ್ದಳು. ಹೌದು ಅಂದಿದ್ದರೆ ಸಾಕಿತ್ತು. ಅವನ ಮಾನವೂ ಉಳಿಯುತ್ತಿತ್ತು, ನನ್ನದೂ ಉಳಿಯುತ್ತಿತ್ತು. ಹೋಗುತ್ತಿದ್ದದ್ದು ಒಳಗೆ ಮಲಗಿದವಳ ಗಿಟಾರು ಮಾತ್ರ. ಸುಳ್ಳು ಹೇಳುವ ಆಸೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ.

"ಮಷೀನದ ತಪ್ಪಲ್ರಿ, ಸಾವಕಾರ್ರ," ಅಂದೆ. "ನಿಮ್ಮ ಸಾಕೆಟ್ಟಿನ ಮೂರನೇ ತೂತಿನ ಅರ್ಥ್ ತಂತಿನೂ ಅದೇ ಸಲಾಕಿಗೆ ಕಟ್ಟ್ಯಾರ. ಮಣ್ಣು ಒಣಗಿದ್ರ ಕರೆಂಟಿಗೆ ಹೋಗಾಕ ದಾರಿ ಇಲ್ಲ, ಹೊಳ್ಳಿ ಮಷೀನದ ಮೈಗಿ ಬರ್ತದ, ಅಲ್ಲಿಂದ ತಂತಿಗಿ. ಮಷೀನ ದೊಡ್ಡದಾದಷ್ಟು ಜಾಸ್ತಿ ಬರ್ತದ. ಆದ್ರ ನಿಮಗಿಂತ ದೊಡ್ಡ ತಪ್ಪು ನಂದು. ಟೆಸ್ಟರ್ ಜೇಬಿನ್ಯಾಗ ಇತ್ತು, ತಗಿಲಿಲ್ಲ. ಕೂಸು ಜುಮ್ ಅಂತಾವ ಅಂದ್ರೂ ಕೇಳಲಿಲ್ಲ."

ದೌಲತರಾಯ ಎದ್ದು ಹೋದ. ಸುಂದರಬಾಯಿ ಮುಖ ತಿರುಗಿಸಿಕೊಂಡಳು. ಕರಾರು ಮುರಿಯಿತು ಎಂದುಕೊಂಡೆ. ದೊಡ್ಡ ಆಂಪನ್ನು ಸೊಲ್ಲಾಪುರಕ್ಕೆ ಕಳಿಸಿದೆ. ಸಣ್ಣದನ್ನು ಕಳಿಸಲು ಮನಸ್ಸಾಗಲಿಲ್ಲ, ಅಂಗಡಿಯಲ್ಲೇ ಬಟ್ಟೆ ಮುಚ್ಚಿ ಇಟ್ಟೆ. ಕೋಪದಾಗ ಕೊಯ್ದ ಮೂಗು ಶಾಂತದಾಗ ಬರುವುದಿಲ್ಲ. ಹನ್ನೆರಡು ದಿನ ನನಗೆ ಅನ್ನ ರುಚಿಸಲಿಲ್ಲ.

ಹದಿಮೂರನೇ ದಿನ ಫೋನು ಬಂತು. ಸಣ್ಣದು ತಗೊಂಡು ಬರ್ರಿ, ಅಷ್ಟೇ ಅಂದಳು ಸುಂದರಬಾಯಿ. ಹೋಗಿ ನೋಡಿದರೆ ಆಕೆ ಕಂಬದಿಂದ ಹೊಸ ತಂತಿ ಎಳೆಸಿದ್ದಳು. ಹಿತ್ತಲಲ್ಲಿ ಬೇರೆಯೇ ಗುಂಡಿ ತೋಡಿ ಉಪ್ಪು, ಇದ್ದಿಲು ಹಾಕಿ ಅರ್ಥ್ ಕೊಟ್ಟಿದ್ದರು. ಹಳೆಯ ಸಲಾಕೆ ಕಿತ್ತು ಗೋಡೆಗೆ ಒರಗಿಸಿದ್ದರು. ಬಟನ್ ಹಾಕಿ ಸಾಕೆಟ್ಟಿನ ಮೂರನೇ ತೂತು, ಆಂಪಿನ ಮೈ, ಗಿಟಾರಿನ ಆರೂ ತಂತಿ, ಒಂದೊಂದಕ್ಕೂ ಟೆಸ್ಟರ್ ಹಚ್ಚಿದೆ, ಎಲ್ಲೂ ಬೆಳಗಲಿಲ್ಲ, ಬಟನ್ ಆರಿಸಿದೆ. ಶಾಂಭವಿ ಮೂಲೆಯಲ್ಲಿ ನಿಂತಿದ್ದಳು. ಹೊಸ ಚರ್ಮ ಬಂದ ಬೆರಳುಗಳನ್ನು ಗಿಟಾರಿನ ಕಡೆ ಚಾಚಿದಳು, ಹಿಂದೆಗೆದಳು.

ಗಿಟಾರನ್ನು ಸುಂದರಬಾಯಿ ಎತ್ತಿಕೊಂಡಳು. ಜೀವಮಾನದಲ್ಲಿ ಅದನ್ನು ಹಿಡಿದವಳಲ್ಲ, ಕೂಸನ್ನು ಎತ್ತಿಕೊಂಡಂತೆ ತೋಳಿನ ಮೇಲೆ ಮಲಗಿಸಿಕೊಂಡಳು. ಆಮೇಲೆ ಒಂದು ಚರಿಗೆ ನೀರು ತಂದು ತನ್ನ ಕಾಲ ಮೇಲೆ ಸುರಿದುಕೊಂಡಳು.

ನಾನು ತಡೆಯಲು ಮುಂದೆ ಬಂದೆ. "ಅಕ್ಕಾ, ಟೆಸ್ಟರ್ ಹಚ್ಚಿ ನೋಡೇನಲ್ರಿ. ಎಲ್ಲಾ ಸರಿ ಅದ."

"ಅವತ್ತೂ ನೀವ ಇದ್ರಿ, ಅಣ್ಣಾ," ಅಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. "ಬಟನ್ ಹಾಕ್ರಿ."

ಹಾಕಿದೆ. ಅವಳು ಕಣ್ಣು ಮುಚ್ಚಿ ಅಂಗೈಯನ್ನು ಆರೂ ತಂತಿಗಳ ಮೇಲೆ ಊರಿದಳು. ಆಂಪಿನಿಂದ ಬೇಸೂರಿನ ದೊಡ್ಡ ದನಿ ಹೊರಟು ನಡುಮನೆ ತುಂಬಿತು. ಅವಳು ಕೈ ತೆಗೆಯಲಿಲ್ಲ. ದನಿ ಪೂರ್ತಿ ಇಂಗುವವರೆಗೂ ಹಾಗೇ ನಿಂತಿದ್ದು, ಗಿಟಾರನ್ನು ಮಗಳ ಕೊರಳಿಗೆ ಹಾಕಿದಳು.