ಯಾವಾಗಿನಿಂದ ಅಳಿಸಬೇಕು

ಮತ್ತೆ ಅದೇ ಗಾಲಿಕುರ್ಚಿ, ಪರದೆಯ ಬಲಗಡೆ, ನೀಲಿ ಸೀಟಿನದು, ಮಡಚಬಹುದಂತೆ, ಇಂದೇ ತರಿಸಿಕೊಳ್ಳಬೇಕಂತೆ — ಯಾರಿಗೆ ತರಿಸಲಿ, ಕೂರುವವರು ಹೋಗಿಯಾಯಿತು, ನಾನು ಅಂಗಡಿಗೆ ಬೀಗದ ಸ್ಪ್ರಿಂಗ್ ಹುಡುಕುತ್ತಿದ್ದರೆ ಈ ಕಂಪ್ಯೂಟರ್ ಸತ್ತ ಗಂಡನಿಗೆ ಊಟದ ಕೊಳವೆ ಮಾರಲು ಬರುತ್ತದೆ, ಇವರ ಗಂಟಲು ಕೆಟ್ಟಾಗ ಇದರಲ್ಲಿ ಒಂದಿಷ್ಟು ವಿಚಾರಿಸಿದ್ದೇ ತಪ್ಪಾಯಿತು, ಗಾಯದ ಮೇಲೆ ಬರೆ. ಮೈದುನನಿಗೆ ಫೋನ್ ಮಾಡಿದೆ, ಅತ್ತಿಗೆ, ಅದೆಲ್ಲ ಕುಕೀಸ್ ಕೆಲ್ಸ, ನೀವು ನೋಡಿದ್ದನ್ನೆಲ್ಲ ಗುರುತಿಟ್ಕೊಂಡಿರುತ್ತೆ, ಸೆಟ್ಟಿಂಗ್ಸಲ್ಲಿ ಅಳಿಸ್ಬಿಡಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಗುತ್ತೆ. ಅವನಿಗೆ ಎಲ್ಲವೂ ಬೆಣ್ಣೆಯೇ, ಆಸ್ಪತ್ರೆಯ ಬೆಂಚಿನ ಮೇಲೆ ಒಂದು ದಿನ ಕೂತವನಲ್ಲ. ಅಕ್ಕಾ, ನಮ್ಮ ಬೀರು ಬೀಗ ಆಯ್ತಾ, ಎದುರುಮನೆಯಾಕೆ ಬಂದು ನಿಂತಿದ್ದಾಳೆ, ಆಗುತ್ತೆ, ಕೂತ್ಕೊಳ್ಳಿ, ಇವರ ದನಿ ಕೇಳಿಕೊಂಡೇ ತೆಗೆಯಬೇಕು ಅದನ್ನು, ಸ್ವರ ಬೀಳುತ್ತಾ ಬಂದಾಗ ನನಗೆಂದೇ ಒಂದೊಂದು ಬೀಗದ ಗುಟ್ಟನ್ನೂ ಹೇಳಿ ರೆಕಾರ್ಡ್ ಮಾಡಿಟ್ಟರು, ಎಡಕ್ಕೆ ತಿರುಗ್ಸು, ಉಸಿರು ಬಿಡು, ಆಮೇಲೆ ಒತ್ತು, ಜೋರು ಮಾಡ್ಬೇಡ ಕಣೇ, ಬೀಗಕ್ಕೂ ಮರ್ಯಾದೆ ಇದೆ — ಎಲ್ಲವೂ ಇವರ ಮೇಲ್ ಖಾತೆಯಲ್ಲಿವೆ, ಈ ಕಂಪ್ಯೂಟರಿನಲ್ಲಿ ಅದು ತಾನಾಗಿ ತೆರೆದುಕೊಳ್ಳುತ್ತದೆ, ಪಾಸ್‌ವರ್ಡ್ ಏನ್ರೀ ಎಂದರೆ, ಬೀಗದವನ ಮನೆಗೆ ಕೀಲಿ ಯಾಕೆ ಎಂದು ನಕ್ಕಿದ್ದರು. ಇಲ್ಲಿದೆ ಸೆಟ್ಟಿಂಗ್ಸ್, ಯಾವಾಗಿನಿಂದ ಅಳಿಸಬೇಕು ಎನ್ನುತ್ತದೆ, ಕಳೆದ ಒಂದು ಗಂಟೆ, ಒಂದು ದಿನ, ನಾಲ್ಕು ವಾರ — ನಾಲ್ಕೇ ವಾರದಲ್ಲಿ ಮುಗಿದ ಕಾಯಿಲೆಯೇನು ಅದು, ಆ ಕಫ ಎಳೆಯುವ ಯಂತ್ರದ ಗೊರಗೊರ, ಮಾತು ನಿಂತ ಮೇಲೆ ಚಮಚದಿಂದ ಮಂಚ ಬಡಿದು ಕರೆಯುತ್ತಿದ್ದದ್ದು — ಎಲ್ಲ ಸಮಯ, ಹೌದು, ಅದೇ, ಎಲ್ಲ ಹಾಳಾಗಿ ಹೋಗಲಿ. ಕೆಳಗೆ ಸಣ್ಣಕ್ಷರದಲ್ಲಿ, ಹೆಚ್ಚಿನ ಸೈಟ್‌ಗಳಿಂದ ಸೈನ್ ಔಟ್ ಆಗುವಿರಿ, ಆಗಲಿ, ನನಗೆ ಯಾವ ಸೈಟಿದೆ ಮಹಾ. ಒತ್ತಿದೆ.

ಹೋಯಿತು ಕುರ್ಚಿ, ಅಲ್ಲೀಗ ಯಾವುದೋ ಶಾಂಪೂ, ಅಬ್ಬಾ, ಬೀರುವಿನ ಬೀಗ ಕೈಗೆತ್ತಿಕೊಂಡೆ, ಇದಕ್ಕೆ ಮೊದಲು ಎಡಕ್ಕೋ ಬಲಕ್ಕೋ, ಕೇಳೋಣವೆಂದು ಇವರ ಖಾತೆ ತೆರೆದರೆ — ಇವರಿಲ್ಲ, ಬಿಳಿ ಚೌಕವೊಂದಿದೆ, ಮೇಲ್ ವಿಳಾಸ ಅಂಗಡಿಯ ಬೋರ್ಡಿನಲ್ಲೇ ಇದೆ, ಹಾಕಿದೆ, ಪಾಸ್‌ವರ್ಡ್ ಎನ್ನುತ್ತದೆ, ಚೌಕದೊಳಗೆ ಕರಿಗೆರೆ ಮಿಟುಕುತ್ತದೆ, ನನ್ನ ಹೆಸರು ಹಾಕಿದೆ, ಅಲ್ಲ, ಅಂಗಡಿಯ ಹೆಸರು, ಅಲ್ಲ, ಮತ್ತೆ ಬಿಳಿ ಚೌಕ, ಮರೆತಿರಾ, ಇವರ ನಂಬರಿಗೆ ಕೋಡ್ ಕಳಿಸಿದ್ದೇವೆ — ಆ ನಂಬರು ಈಗ ಇನ್ಯಾರದೋ, ಸತ್ತೋರಿಗೆ ಫೋನ್ ಯಾಕೆ ಅತ್ತಿಗೆ ಎಂದಿದ್ದ ಮೈದುನ, ನಿಲ್ಲಿಸಿದ್ದೆ, ಯಾವನ ಜೇಬಿನಲ್ಲೋ ಆ ಕೋಡ್ ಗುಂಯ್‌ಗುಡುತ್ತಿದೆ, ನೆಗಡಿ ಬಂತೆಂದು ಮೂಗು ಕೊಯ್ದುಕೊಂಡೆನಲ್ಲ, ನನ್ನ ಕೈಯಾರೆ, ಅಯ್ಯೋ ಅಕ್ಕಾ, ಅಳ್ತಾ ಇದೀರಾ, ಬೀಗ ನಾಳೆ ಕೊಟ್ರೂ ಆಗುತ್ತೆ, ಸುಮ್ಮನಿರಿ ತಾಯಿ, ನೆನಪು ಮಾಡಿಕೊಳ್ಳುತ್ತಿದ್ದೇನೆ, ಎಡಕ್ಕೆ ತಿರುಗ್ಸು, ಉಸಿರು ಬಿಡು, ಮಾತೆಲ್ಲ ಬರುತ್ತದೆ, ಒಂದೂ ತಪ್ಪಿಲ್ಲ, ಆದರೆ ನನ್ನ ದನಿಯಲ್ಲಿ ಬರುತ್ತದೆ, ಇವರದು ಹೇಗಿತ್ತು, ಇವತ್ತು ಬೆಳಿಗ್ಗೆ ಕೂಡ ಕೇಳಿದ್ದೆನಲ್ಲ, ಜೋರು ಮಾಡ್ಬೇಡ ಕಣೇ, ಇದೂ ನನ್ನದೇ ದನಿ, ಬಿಳಿ ಚೌಕ, ಕರಿಗೆರೆ ಬರುತ್ತದೆ, ಹೋಗುತ್ತದೆ, ಬರುತ್ತದೆ