ಸುಡದ ಕೈ

“ಕೈಗಿ ಮೆಹಂದಿ ಹಚ್ಕೊಂಡಿ ಏನಲೇ, ಸೂಳಿಮಗನ? ಹಾಕು ಕೈ. ಪಾಕ ಏರಾಕತ್ತದ.”

ಸಾವುಕಾರ ಮಹಾರುದ್ರಪ್ಪ ಹೀಗೆ ಬೈದಾಗ ನನ್ನ ಗಂಡ ದೇವಿದಾಸ ಕುದಿಯುವ ಬೆಲ್ಲದ ಕೊಪ್ಪರಿಗೆಗೆ ಬೆರಳು ಅದ್ದಿ ಪಾಕ ತೆಗೆದು ಹದ ನೋಡಿದ. ಬೇರೆಯವರಾದರೆ ತಣ್ಣೀರಲ್ಲಿ ಕೈ ಅದ್ದಿಕೊಂಡು, ದೇವರನ್ನು ನೆನೆದು ಮಾಡುವ ಕೆಲಸ. ಇವನಿಗೆ ತಣ್ಣೀರೂ ಬೇಡ, ದೇವರೂ ಬೇಡ. ಉಕ್ಕಿನ ಕೈ ಎಂದು ಸಾವುಕಾರ ಬಂದವರಿಗೆಲ್ಲ ತೋರಿಸುತ್ತಿದ್ದ. ಸುಳ್ಳು ಯಾಕೆ, ನನಗೂ ಹೆಮ್ಮೆಯಿತ್ತು. ಅವನ ಬೆರಳು ಮುಟ್ಟಿದ ಬೆಲ್ಲವನ್ನು ಊರೆಲ್ಲ ತಿನ್ನುತ್ತಿತ್ತು. ಅವನಿಗೆ ನೀರು ಮಾತ್ರ ಗೋಡೆಗೆ ಸಿಕ್ಕಿಸಿದ ಬೇರೆ ಲೋಟದಲ್ಲಿ.

ಹೆಮ್ಮೆ ಹೋದದ್ದು ಮಗಳು ಪೂನಂಗೆ ಜ್ವರ ಬಂದ ದಿನ. ಅವಳ ಮೈ ಕೆಂಡವಾಗಿತ್ತು. ಇವನು ಹಣೆಯ ಮೇಲೆ ಕೈಯಿಟ್ಟು, ತಣ್ಣಗಿದ್ದಾಳೆ, ಕೆಲಸಕ್ಕೆ ನಡಿ ಎಂದ. ಆಮೇಲೆ ಅವನ ಮುಂಗೈಯ ಬಿಳಿಚಿದ ಮಚ್ಚೆ, ತಿಂಗಳಾದರೂ ಮಾಯದ ಬೆರಳಿನ ಹುಣ್ಣು ನೋಡಿ, ಆ ಕೈಗೆ ಬಿಸಿ ತಿಳಿಯುವುದೇ ಇಲ್ಲವೆಂದು ನನಗೆ ಹೊಳೆಯಿತು.

ನಾವು ನಾರಾಯಣಪುರದವರು. ಕಬ್ಬಿನ ಸುಗ್ಗಿಗೆ ಘಾಟಬೋರಾಳದ ಈ ಗಾಣಕ್ಕೆ ಬಂದು ಗುಡಿಸಲು ಹಾಕಿದ್ದೆವು. ಕುಷ್ಠರೋಗದ ತಪಾಸಣೆಗೆ ಆಶಾ ಕಾರ್ಯಕರ್ತೆ ಬರುತ್ತಾಳೆಂದರೆ ಸಾವುಕಾರ, ರೋಗದ ಹೆಸರು ಬಂದರೆ ಬೆಲ್ಲ ಯಾರೂ ಕೊಳ್ಳರೆಂದು, ನಮ್ಮನ್ನೆಲ್ಲ ಕಬ್ಬಿನೊಳಗೆ ಅಟ್ಟುತ್ತಿದ್ದ. ಆ ದಿನವೂ ಅಟ್ಟಿದ. ಆದರೆ ಪಾಕ ಹದಕ್ಕೆ ಬಂದಿತ್ತು, ದೇವಿದಾಸನನ್ನು ಕಳಿಸುವಂತಿರಲಿಲ್ಲ.

ಆಶಾ ಕಾರ್ಯಕರ್ತೆ ಮನಿಷಾ ಒಳಗೆ ಬಂದಳು. ನಾನೂ ಕಡಿಯುವ ಕೊಯ್ತಾ ಹಿಡಿದುಕೊಂಡೇ ಕಬ್ಬಿನಿಂದ ಹೊರಬಂದೆ. ಇವರು ಪರವೂರಿನವರು, ನಿನ್ನ ಪಟ್ಟಿಯಲ್ಲಿಲ್ಲ ಎಂದು ಸಾವುಕಾರ ಅಡ್ಡ ನಿಂತ. ಎಲ್ಲಿಯವರಾದರೇನು, ಗುಳಿಗೆ ಪುಕ್ಕಟೆ, ಬೇಗ ಹಿಡಿದರೆ ಬೆರಳು ಉಳಿಯುತ್ತವೆ ಎಂದು ಅವಳೂ ಬಗ್ಗಲಿಲ್ಲ. ಆಗ ಸಾವುಕಾರ ನಕ್ಕು, ನೋಡಿಕೋ ಎಂದ. ನಗುತ್ತಲೇ ದೇವಿದಾಸನನ್ನು ದುರುಗುಟ್ಟಿ ನೋಡಿದ. ಅದರ ಅರ್ಥ ನಮಗೆ ಗೊತ್ತಿತ್ತು. ಕುಷ್ಠ ಎಂದು ಬಾಯಿಬಿಟ್ಟರೆ ಸಂಜೆಯೊಳಗೆ ಗುಡಿಸಲು ಕಿತ್ತು ಬೀದಿಗೆ.

ಮನಿಷಾ ಅವನ ಕಣ್ಣು ಮುಚ್ಚಿಸಿ, ಪೆನ್ನಿನ ತುದಿ ಮುಟ್ಟಿದಾಗಲೆಲ್ಲ ಹೂಂ ಅನ್ನಬೇಕೆಂದಳು. ಮಚ್ಚೆಯ ಮೇಲೆ ಮುಟ್ಟಿದಳು. ಸಾವುಕಾರ ಸಣ್ಣಗೆ ಕೆಮ್ಮಿದ.

“ಹೂಂ” ಎಂದ ನನ್ನ ಗಂಡ.

ಬೆರಳಿಗೆ ಮುಟ್ಟಿದಳು. ಮತ್ತೆ ಕೆಮ್ಮು. ಮತ್ತೆ ಹೂಂ.

ರೋಗವಿಲ್ಲ ಎಂದು ಬರೆಯಲು ಮನಿಷಾ ಕಾಗದ ತೆಗೆದಳು. ನಾನು ಗಂಡನ ಹತ್ತಿರ ಹೋದೆ.

“ಪೂನಂನ ಹಣಿ ಮ್ಯಾಲ ಇಟ್ಟಿದ್ದು ಇದೇ ಕೈ ಅಲ್ಲೇನು?” ಎಂದೆ.

“ಬಾಯಿ ಮುಚ್ಚ, ರಂಡಿ” ಎಂದ ಸಾವುಕಾರ.

ದೇವಿದಾಸ ಕಣ್ಣು ತೆರೆಯಲಿಲ್ಲ. ಇನ್ನೊಮ್ಮೆ ನೋಡಿ ಎಂದು ಕೈ ಚಾಚಿದ. ಮನಿಷಾ ಪೆನ್ನು ಒತ್ತಿದಳು. ಸಾವುಕಾರ ಕೆಮ್ಮಿದ. ಇವನು ಹೂಂ ಅನ್ನಲಿಲ್ಲ. ಸಾವುಕಾರ ಗಂಟಲು ಹರಿಯುವಂತೆ ಕೆಮ್ಮಿದ.

“ಅಕ್ಕೋರ, ಸಾವ್ಕಾರ್ರು ಕೆಮ್ಮಾಕತ್ತಾರ್ರಿ. ನನಗ ಅದೊಂದೇ ತಿಳಿಯಾಕತ್ತದ” ಎಂದ ದೇವಿದಾಸ. “ಬರ್ಕೋರಿ.”

ಹಿಂದೆ ಪಾಕ ಹದ ಮೀರಿ ಸೀದ ವಾಸನೆ ಹೊಡೆಯಿತು. ಕೈ ಹಾಕು ಲೇ ಎಂದು ಸಾವುಕಾರ ಕಿರುಚಿದ. ದೇವಿದಾಸ ಆ ಕೈಯನ್ನು ಮನಿಷಾಳ ಮುಂದೆ ಚಾಚಿಕೊಂಡೇ ನಿಂತಿದ್ದ. ನಮ್ಮವರು ಕಬ್ಬಿನಿಂದ ಒಬ್ಬೊಬ್ಬರಾಗಿ ಹೊರಬಂದರು. ಬೆಲ್ಲ ಕರ್ರಗಾಗುವವರೆಗೂ ಒಬ್ಬರೂ ಕೊಪ್ಪರಿಗೆಯ ಹತ್ತಿರ ಸುಳಿಯಲಿಲ್ಲ.