ಮೂರನೇ ಮಹಡಿಯ ಕಿವಿ

ವನಜಾಳ ಮನೆಯಲ್ಲಿ ಫೋನ್ ಹತ್ತುವ ಜಾಗ ಒಂದೇ ಇತ್ತು, ಬಾಲ್ಕನಿಯ ಬಲಮೂಲೆ. ಹಾಲ್‌ನಲ್ಲಿ ರೇಂಜ್ ಒಂದು ಕಡ್ಡಿ ಬಂದು ಹೋಗುತ್ತಿತ್ತು, ಅಡುಗೆಮನೆಯಲ್ಲಿ ಹಲೋ ಅನ್ನುವಷ್ಟರಲ್ಲಿ ಕಟ್ಟಾಗುತ್ತಿತ್ತು, ಮಲಗುವ ಕೋಣೆಯಲ್ಲಂತೂ ಏನೂ ಇಲ್ಲ. ನಾಶಿಕಿನ ಆಡಗಾಂವ್ ನಾಕಾದ ಆಚೆಗೆ ಎದ್ದಿದ್ದ ಆ ಕಟ್ಟಡವನ್ನು ಮೂರು ಕಡೆಯಿಂದ ಅದಕ್ಕಿಂತ ಎತ್ತರದ ಕಟ್ಟಡಗಳು ಒತ್ತಿಕೊಂಡಿದ್ದವು. ಅವಳ ಗಂಡ ಶ್ರೀಪತಿ ಓಝರಿನ ವಿಮಾನ ಕಾರ್ಖಾನೆಯ ರೇಡಿಯೋ ವಿಭಾಗದಲ್ಲಿ ಮೂವತ್ತೊಂದು ವರ್ಷ ಟೆಕ್ನಿಷಿಯನ್ ಆಗಿದ್ದವನು. ನಿವೃತ್ತಿಯಾದ ಮೇಲೆ ಕ್ವಾರ್ಟರ್ಸ್ ಬಿಟ್ಟು ಇಬ್ಬರೂ ಇಲ್ಲಿ ಎರಡನೇ ಮಹಡಿಗೆ ಬಂದು ಎರಡು ವರ್ಷವಾಗಿತ್ತು.

ಬಾಲ್ಕನಿಯಲ್ಲಿ ನಿಂತು ಮಾತಾಡುವುದಕ್ಕೆ ಅವಳಿಗೆ ಮೊದಲು ಬೇಸರವೇನೂ ಇರಲಿಲ್ಲ. ಸುತ್ತಲೂ ಮರಾಠಿ ಮಂದಿ. ಕನ್ನಡದಲ್ಲಿ ಎಷ್ಟು ಕೂಗಿ ಹೇಳಿದರೂ ಗೋಡೆಗೆ ಹೇಳಿದಂತೆಯೇ. ಅತ್ತೆಯ ಆಸ್ತಿ ಜಗಳ, ತಂಗಿಯ ಮೊಣಕಾಲು, ಮಗಳ ಸಂಸಾರ, ಎಲ್ಲವನ್ನೂ ಅವಳು ಕಟಕಟೆಗೆ ಮೊಣಕೈ ಊರಿ ನಿಶ್ಚಿಂತೆಯಿಂದ ಮಾತಾಡುತ್ತಿದ್ದಳು. ಮೇಲಿನ ಮನೆಗೆ ಜಗದೇವಿ ಬಂದಳು ನೋಡಿ, ಎಲ್ಲ ಕೆಟ್ಟಿತು.

ಜಗದೇವಿ ಸಿಂದಗಿ ಕಡೆಯವಳು. ಹದಿನೆಂಟು ವರ್ಷದ ಹಿಂದೆ ಗಂಡ ಚನಬಸಪ್ಪನ ಜೊತೆ ನಾಶಿಕಿಗೆ ಬಂದು, ಕಟ್ಟಡಗಳಲ್ಲಿ ತಲೆಯ ಮೇಲೆ ಗಾರೆ ಬುಟ್ಟಿ ಹೊತ್ತವಳು. ಚನಬಸಪ್ಪ ಈಗ ಸ್ವತಃ ಕಂತ್ರಾಟುದಾರ. ಅವನ ಕೈಕೆಳಗೆ ನಲವತ್ತು ಜನ. ಮೂರನೇ ಮಹಡಿಯ ಮನೆ ಕೊಂಡು, ತಾಯಿ ಮಾಳವ್ವನನ್ನೂ ಕರೆತಂದಿದ್ದ. ಗೃಹಪ್ರವೇಶದ ದಿನ ಜಗದೇವಿ ಹೋಳಿಗೆ ಹಿಡಿದು ಕೆಳಗೆ ಬಂದಾಗ ವನಜಾ ಬಾಗಿಲಲ್ಲೇ ಡಬ್ಬಿ ಇಸಿದುಕೊಂಡು, ‘ಒಳಗ ಬಾ’ ಅನ್ನದೆ ಕಳಿಸಿದ್ದಳು. ಆಮೇಲೆ ಬಾಲ್ಕನಿಗೆ ಬಂದು ತಂಗಿಗೆ ಫೋನಿನಲ್ಲಿ ಹೇಳಿದ್ದಳು: “ಗಾರೆ ಹೊತ್ತಾಕಿ ನಮ್ಮ ತಲಿ ಮ್ಯಾಲೆ ಬಂದು ಕೂತಾಳ ನೋಡು.”

ಮೇಲೆ ಬಟ್ಟೆ ಒಣಹಾಕುತ್ತಿದ್ದ ಜಗದೇವಿ ಅದನ್ನು ಅಕ್ಷರ ಬಿಡದೆ ಕೇಳಿಸಿಕೊಂಡಳು. ಅಂದಿನಿಂದ ಕೆಳಗೆ ಫೋನು ಗುಣುಗುಟ್ಟಿದರೆ ಸಾಕು, ಮೇಲೆ ಕುರ್ಚಿ ಎಳೆದ ಸದ್ದಾಗುತ್ತಿತ್ತು.

ದೀಪಾವಳಿ ಕಳೆದು ಹದಿನೈದು ದಿನಕ್ಕೆ ಮಗಳು ಭಾರ್ಗವಿ ಸಂಭಾಜಿನಗರದಿಂದ ಫೋನ್ ಮಾಡಿ, ತಾನು ಗಂಡ ಅವಿನಾಶನ ಮನೆ ಬಿಟ್ಟು ಬೇರೆ ಕೋಣೆ ಹಿಡಿದಿದ್ದೇನೆ ಎಂದಳು. ಅವಿನಾಶ್ ಕೈ ಎತ್ತುತ್ತಿದ್ದ. ಅದು ವನಜಾಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ಹಿಂದೆ ಮಗಳು ಹೇಳಿಕೊಂಡ ಮೂರು ಸಲವೂ ‘ಸ್ವಲ್ಪ ಸೈರಿಸು’ ಅಂದಿದ್ದಳು. ಈಗಲೂ ಅದನ್ನೇ ಅಂದಳು. “ಮನಿ ಬಿಟ್ಟಿ ಅಂದ್ರ ಮಂದಿ ಏನಂತಾರ? ವಾಪಸ್ ಹೋಗು.” ಅಂದವಳು ತಲೆ ಎತ್ತಿದರೆ ಮೇಲಿನ ಕಟಕಟೆಯಲ್ಲಿ ಹಸಿರು ಸೀರೆಯ ಸೆರಗು ಸರಕ್ಕನೆ ಹಿಂದಕ್ಕೆ ಸರಿಯಿತು.

ಎರಡೇ ದಿನಕ್ಕೆ ಸೊಸೈಟಿಯ ಹೆಂಗಸರೆಲ್ಲ ಲಿಫ್ಟಿನಲ್ಲಿ ವನಜಾಳನ್ನು ಕಂಡು ತುಸು ಹೆಚ್ಚೇ ಮೃದುವಾಗಿ ಮಾತಾಡಿಸತೊಡಗಿದರು. ಒಬ್ಬಳು ಭುಜದ ಮೇಲೆ ಕೈ ಇಟ್ಟು ಮರಾಠಿಯಲ್ಲಿ, “ಹೆಣ್ಣುಮಕ್ಕಳ ಹಣೆಬರಹ” ಎಂದೂ ಅಂದುಬಿಟ್ಟಳು. ವನಜಾಳ ಮೈಯೆಲ್ಲ ಉರಿಯಿತು. ಮೆಟ್ಟಿಲಲ್ಲಿ ಜಗದೇವಿಯನ್ನು ತಡೆದು ನಿಲ್ಲಿಸಿದಳು.

“ಮಂದಿ ಮನಿ ಮಾತು ಕದ್ದು ಕೇಳ್ಲಿಕ್ಕೆ ನಾಚಿಕಿ ಬರೂದಿಲ್ಲೇನು ನಿನಗ?”

“ಕದ್ದು ಯಾಕ ಕೇಳಬೇಕ್ರೀ ವೈನಿ? ಓಣಿಗೆ ಕೇಳೂಹಂಗ ಒದರ್ತೀರಿ. ಗಾರೆ ಹೊತ್ತಾಕಿ ಅಂದದ್ದೂ ಹಂಗಾ ಕೇಳಿತು” ಎಂದು ಜಗದೇವಿ ಹೂಕೋಸಿನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿ ಮೇಲೆ ಹತ್ತಿದಳು.

ಅಂದು ವನಜಾ ಗಂಡನ ಮುಂದೆ ಹಟ ಹಿಡಿದು ಕೂತಳು. ಮಲಗುವ ಕೋಣೆಯಲ್ಲಿ ಫೋನ್ ಹತ್ತಬೇಕು, ಬಾಗಿಲು ಹಾಕಿಕೊಂಡು ಮಾತಾಡುವಂತಾಗಬೇಕು. ಫೋನಿನಲ್ಲಿ ಇದನ್ನು ಕೇಳಿದ ಭಾರ್ಗವಿ, “ಅಪ್ಪಾ, ಮನ್ಯಾಗ ವೈಫೈ ಅದ ಅಲ್ಲ. ಸೆಟಿಂಗ್‌ನ್ಯಾಗ ವೈಫೈ ಕಾಲಿಂಗ್ ಚಾಲೂ ಮಾಡ್ರಿ, ಬಸ್ಸ್” ಎಂದಳು. ಶ್ರೀಪತಿಗೆ ಅದು ಅವಮಾನದಂತೆ ಕಂಡಿತು. “ವಿಮಾನದ ರೇಡಿಯೋ ರಿಪೇರಿ ಮಾಡಿದಾವ ನಾನು. ನನಗ ಕಲಸ್ಲಿಕ್ಕೆ ಬರಬ್ಯಾಡ” ಎಂದು ನಾಶಿಕಿನ ಪೇಟೆಗೆ ಹೋಗಿ ರೇಂಜ್ ಹೆಚ್ಚಿಸುವ ಒಂದು ಬೂಸ್ಟರ್ ತಂದ. ಅದರ ಮೇಲೆ ಕಂಪನಿಯ ಹೆಸರಿರಲಿಲ್ಲ, ಪರವಾನಗಿಯ ಗುರುತೂ ಇರಲಿಲ್ಲ. ಮೀನಿನ ಎಲುಬಿನಂಥ ಆಂಟೆನಾವನ್ನು ತಾರಸಿಯ ನೀರಿನ ಟಾಕಿಯ ಹಿಂದೆ, ಯಾರ ಕಣ್ಣಿಗೂ ಬೀಳದಂತೆ ಬಿಗಿದ. ಪೈಪುಗಳು ಇಳಿಯುವ ಸಂದಿಯಲ್ಲಿ ಕೇಬಲ್ ಇಳಿಬಿಟ್ಟು, ಪೆಟ್ಟಿಗೆಯನ್ನು ಮಲಗುವ ಕೋಣೆಯ ಕಪಾಟಿನ ಹಿಂದೆ ಕೂರಿಸಿದ. ಪೂರ್ತಿ ರೇಂಜ್ ಬಂತು. ವನಜಾ ಅಂದು ತಂಗಿಯ ಜೊತೆ ಮುಕ್ಕಾಲು ಗಂಟೆ ಮಂಚದ ಮೇಲೆ ಕಾಲು ಚಾಚಿ ಮಾತಾಡಿದಳು.

ವಾರ ಕಳೆಯುವುದರೊಳಗೆ ಕಟ್ಟಡದಲ್ಲಿ ಗುಲ್ಲೆದ್ದಿತು. ಯಾರ ಫೋನೂ ಹೋಗುತ್ತಿರಲಿಲ್ಲ. ರೇಂಜ್ ತೋರಿಸುತ್ತಿತ್ತು, ಆದರೆ ಒತ್ತಿದರೆ ಕರೆ ಹೋಗದೆ ಸತ್ತುಹೋಗುತ್ತಿತ್ತು. ಎಲ್ಲರೂ ಫೋನ್ ಕಂಪನಿಯವರಿಗೆ ಶಾಪ ಹಾಕಿದರು. ಎಲ್ಲರಿಗಿಂತ ಹೆಚ್ಚು ತೊಂದರೆಯಾದದ್ದು ಜಗದೇವಿಗೆ. ಗಂಡ ಸಟಾಣಾ ಊರಿನ ಕೆಲಸದ ಮೇಲಿದ್ದ. ಅವನಿಗೆ ಫೋನ್ ಮಾಡಲು ಅವಳು ದಿನಕ್ಕೆ ನಾಲ್ಕು ಸಲ ಮೆಟ್ಟಿಲಿಳಿದು ಗೇಟು ದಾಟಿ, ಡಾಂಬರು ರಸ್ತೆಯ ತನಕ ಹೋಗಬೇಕಾಗಿತ್ತು. ಬಿಸಿಲಲ್ಲಿ ನಿಂತು ಒಂದು ಕಿವಿ ಮುಚ್ಚಿಕೊಂಡು ಕೂಗುವ ಅವಳನ್ನು ವನಜಾ ಕಿಟಕಿಯಿಂದ ನೋಡುತ್ತಿದ್ದಳು. ಹಾಲುಂಡಷ್ಟು ಸಂತೋಷವಾಗುತ್ತಿತ್ತು.

“ಇದು ನಮ್ಮ ಪೆಟ್ಟಿಗಿಯಿಂದ ಆಗೇದೇನ್ರಿ?” ಎಂದು ಗಂಡನನ್ನು ಒಮ್ಮೆ ಕೇಳಿದಳು.

ಶ್ರೀಪತಿ ಪೇಪರಿನಿಂದ ಮುಖ ಎತ್ತಲಿಲ್ಲ. “ಒಳಗಿನ ಆಂಟೆನಾಕ್ಕೂ ಹೊರಗಿನದಕ್ಕೂ ಅಂತರ ಸಾಲೂದಿಲ್ಲ. ಸರಸಬೇಕು. ಮಾಡ್ತೇನಿ.”

“ಅವಸರ ಏನದ? ಇರ್ಲಿ ಬಿಡ್ರಿ” ಎಂದಳು ವನಜಾ.

ಮಾಳವ್ವ ಬಿದ್ದದ್ದು ಒಂದು ಮಂಗಳವಾರ, ಬೆಳಗಿನ ಹನ್ನೊಂದರ ಸುಮಾರಿಗೆ. ಶ್ರೀಪತಿ ಬ್ಯಾಂಕಿಗೆ ಹೋಗಿದ್ದ. ಬಾಗಿಲು ದಬದಬ ಬಡಿದ ಸದ್ದಿಗೆ ವನಜಾ ತೆರೆದರೆ ಜಗದೇವಿ ನಿಂತಿದ್ದಳು. ಕಾಲಲ್ಲಿ ಚಪ್ಪಲಿ ಇಲ್ಲ, ಕೈಯಲ್ಲಿ ಫೋನು.

“ವೈನಿ, ನಮ್ಮತ್ತಿ ಬಿದ್ದಾಳ್ರೀ. ಬಾಯಿ ಒಂದ್ ಕಡೆ ಸೊಟ್ಟ ಆಗೇತಿ, ಮಾತು ಬರವಲ್ದು. ನನ್ನ ಫೋನ್ ಹತ್ತವಲ್ದು. ಎದುರು ಮನ್ಯಾಗ ಯಾರೂ ಇಲ್ಲ. ನಿಮ್ಮದರಿಂದ ಒಂದ್ ಸಲ ಆ್ಯಂಬುಲೆನ್ಸಿಗೆ ಹಚ್ಚಿಕೊಡ್ರಿ.”

ವನಜಾಳ ಫೋನು ಮಂಚದ ಮೇಲಿತ್ತು. ಇವಳು ಒಳಗೆ ಬಂದರೆ ಪೂರ್ತಿ ರೇಂಜ್ ಕಾಣುತ್ತಾಳೆ, ಕಂಡರೆ ಎಲ್ಲ ತಿಳಿದುಬಿಡುತ್ತದೆ. ತಲೆಯಲ್ಲಿ ಸುಳಿದದ್ದು ಅಷ್ಟೇ. ಸೊಟ್ಟ ಬಾಯಿಯ ಮುದುಕಿ ಆ ಗಳಿಗೆ ಅವಳ ಕಣ್ಣೆದುರು ಬರಲೇ ಇಲ್ಲ. ಬಾಯಿ ತಾನಾಗಿ ಅಂದಿತು:

“ನಮ್ಮದೂ ಹತ್ತೂದಿಲ್ಲವ್ವಾ. ಗೇಟಿನ ಕಡೆ ಓಡು.”

ಜಗದೇವಿ ಅರ್ಧ ತಿರುಗಿದ್ದಳು. ಆಗ ಒಳಗೆ ಮಂಚದ ಮೇಲೆ ಫೋನ್ ಬಾರಿಸಿತು.

ಇಬ್ಬರೂ ಅಲುಗಲಿಲ್ಲ. ಎರಡು ಸಲ ಬಾರಿಸಿತು, ಮೂರು ಸಲ ಬಾರಿಸಿತು. ಜಗದೇವಿ ವನಜಾಳನ್ನು ತೋಳಿನಿಂದ ಬದಿಗೆ ತಳ್ಳಿ ಒಳಗೆ ನಡೆದಳು. ಫೋನ್ ಎತ್ತಿದಳು. ಆ ಕಡೆ ಭಾರ್ಗವಿ. “ನಮ್ಮತ್ತಿ ಸಾಯಾಕತ್ತಾಳ, ಇಡವಾ” ಎಂದು ಕಟ್ ಮಾಡಿ 108 ಒತ್ತಿದಳು. ಕರೆ ಒಂದೇ ಸಲಕ್ಕೆ ಹೋಯಿತು. ವಿಳಾಸ ಹೇಳುತ್ತ ಹೇಳುತ್ತಲೇ ಅವಳು ಪರದೆಯ ತುದಿಯ ಕಡ್ಡಿಗಳನ್ನು ನೋಡಿದಳು, ಕಪಾಟಿನ ಹಿಂದೆ ಮಿಣುಕುತ್ತಿದ್ದ ಹಸಿರು ದೀಪವನ್ನೂ ನೋಡಿದಳು. ಫೋನನ್ನು ಮಂಚದ ಮೇಲೆ ಎಸೆದು ಮೇಲೆ ಓಡಿದಳು. ವನಜಾ ಹಿಂದೆಯೇ ಹೋದಳು. ಮಾಳವ್ವನ ತಲೆಯ ಕೆಳಗೆ ದಿಂಬು ಇಡಲು ಬಗ್ಗಿದರೆ ಜಗದೇವಿ ಅವಳ ಕೈಯನ್ನು ಕಿತ್ತೆಸೆದು, “ಮುಟ್ಟಬ್ಯಾಡ್ರಿ” ಎಂದಳು.

ಮಾಳವ್ವ ಬದುಕಿಕೊಂಡಳು. ಬಲಗೈ ಮಾತ್ರ ಎತ್ತಲಾಗದೆ ಹೋಯಿತು. ಸಟಾಣಾದಿಂದ ಓಡಿಬಂದ ಚನಬಸಪ್ಪ ಯಾರ ಮೇಲೂ ಕೂಗಾಡದೆ ಫೋನ್ ಕಂಪನಿಗೂ ದೂರಸಂಪರ್ಕ ಇಲಾಖೆಗೂ ದೂರು ಬರೆದುಕೊಟ್ಟ. ಆರನೇ ದಿನ ಇಬ್ಬರು ಅಧಿಕಾರಿಗಳು ಕೈಯಲ್ಲಿ ಆಂಟೆನಾ ಹಿಡಿದು, ಅದನ್ನು ಅತ್ತಿತ್ತ ತಿರುಗಿಸುತ್ತ ಬಂದರು. ಮೊದಲು ತಾರಸಿಗೆ ಹೋದರು. ಆಮೇಲೆ ಕೇಬಲ್ಲಿನ ಜಾಡು ಹಿಡಿದು ಎರಡನೇ ಮಹಡಿಗೆ ಇಳಿದರು. ಹಿಂದೆ ಇಡೀ ಕಟ್ಟಡವೇ ಇಳಿಯಿತು.

ಭಾರ್ಗವಿಯೂ ಅಂದು ಮನೆಯಲ್ಲಿದ್ದಳು. ಆ ಫೋನಿನಿಂದ ಗಾಬರಿಯಾಗಿ, ರಜೆ ಸಿಕ್ಕ ಕೂಡಲೇ ಬಸ್ಸು ಹತ್ತಿ ಬಂದಿದ್ದಳು. ಅಪ್ಪ ಬನಿಯನ್ನಿನಲ್ಲೇ ಕಪಾಟು ಸರಿಸುವುದನ್ನು ಅವಳು ಬಾಗಿಲಿಗೆ ಒರಗಿ ನೋಡಿದಳು.

“ಇದು ತನಗೆ ತಾನೇ ಕಿರುಚಿಕೊಳ್ತಾ ಇದೆ. ಆ ಗದ್ದಲದಲ್ಲಿ ಟವರಿಗೆ ಬೇರೆಯವರ ದನಿ ಕೇಳಿಸಲ್ಲ” ಎಂದು ಅಧಿಕಾರಿ ಹಿಂದಿಯಲ್ಲಿ ಹೇಳಿದ. “ಅನುಮತಿ ಇಲ್ಲದೆ ಹಾಕೋದು ಅಪರಾಧ. ನೀವು ಏನು ಕೆಲಸ ಮಾಡ್ತಿದ್ರಿ?”

ಶ್ರೀಪತಿ ಪೆಟ್ಟಿಗೆಯ ವೈರು ಬಿಚ್ಚತೊಡಗಿದ. ಗುಂಪಿನಲ್ಲಿ ಯಾರೋ ಉತ್ತರ ಕೊಟ್ಟರು: “ರೇಡಿಯೋ ಟೆಕ್ನಿಷಿಯನ್!” ಜನ ನಕ್ಕರು.

ಅಧಿಕಾರಿಗಳು ಪೆಟ್ಟಿಗೆ ವಶಪಡಿಸಿಕೊಂಡು, ನೋಟಿಸು ಬರುತ್ತದೆ ಎಂದು ಹೇಳಿ ಹೋದರು. ಜನ ಹೋಗಲಿಲ್ಲ. ಜಗದೇವಿ ಹೊಸ್ತಿಲ ಬಳಿ ಬಂದು ನಿಂತಳು.

“ಮಗಳು ಗಂಡನ್ನ ಬಿಟ್ಟಾಳ ಅನ್ನೂದು ಮುಚ್ಚಾಕ ನಮ್ಮತ್ತಿ ಜೀವ ತಗೀತಿದ್ರಲ್ರೀ! ಮನ್ಯಾಗ ಫೋನ್ ಇಟ್ಕೊಂಡು ಹತ್ತೂದಿಲ್ಲ ಅಂದ್ರಿ. ನೀವೇನ್ ಮನಷ್ಯಾರಾ?”

“ನೀ ಸುದ್ದಿ ಹಬ್ಬಿಸಲಿಲ್ಲ ಅಂದ್ರ ಇದೆಲ್ಲಾ ಯಾಕ ಆಗ್ತಿತ್ತು?” ಎಂದಳು ವನಜಾ.

“ಹೌದ್ರೀ, ಹಬ್ಬಿಸೇನಿ. ನಾಲಿಗಿ ಉದ್ದ ನಂದು. ಆದ್ರ ಮುದುಕಿ ಸಾಯೂ ಹೊತ್ತಿನ್ಯಾಗ ಸುಳ್ಳು ಹೇಳಿಲ್ಲ.”

ಬಾಗಿಲು ಮುಚ್ಚಿದ ಮೇಲೆ ಭಾರ್ಗವಿ ಕಪಾಟನ್ನು ಮೊದಲಿನ ಜಾಗಕ್ಕೆ ತಳ್ಳಿದಳು. ಆಮೇಲೆ ಅಮ್ಮನ ಫೋನ್ ತಗೊಂಡು ಎರಡು ನಿಮಿಷ ಏನೋ ಒತ್ತಿ, ಮಲಗುವ ಕೋಣೆಯಲ್ಲೇ ನಿಂತು ಅಪ್ಪನಿಗೆ ಕರೆ ಮಾಡಿದಳು. ಹಾಲ್‌ನಲ್ಲಿ ಶ್ರೀಪತಿಯ ಫೋನ್ ಬಾರಿಸಿತು.

“ವೈಫೈ ಕಾಲಿಂಗ್ ಆತು ನೋಡು. ಆವತ್ತಾ ಹೇಳಿದ್ದೆ” ಎಂದು ಫೋನನ್ನು ಅಮ್ಮನ ಮಡಿಲಿಗೆ ಹಾಕಿದಳು. “ಇನ್ನ ಕದಾ ಹಾಕ್ಕೊಂಡು ನನ್ನ ಬಗ್ಗೆ ಪಿಸುಪಿಸು ಮಾತಾಡು. ನಾ ಏನ್ ಕಳ್ಳತನ ಮಾಡೇನಮ್ಮಾ? ಆಫೀಸಿನ್ಯಾಗ ಸಗಳ್ಯಾಂನಾ ಮಾಹಿತ್ ಆಹೆ, ಎಲ್ಲಾರಿಗೂ ಗೊತ್ತದ. ಯಾರೂ ನಗೂದಿಲ್ಲ. ನಿನಗೊಬ್ಬಾಕಿಗೇ ನಾಚಿಕಿ. ಅವ ಹೊಡೀತಾನ ಅಂದಾಗ ಸೈರಿಸು ಅಂದಿ. ಅದಕ್ಕ ನಾಚಿಕಿ ಬರಲಿಲ್ಲ ನಿನಗ.”

“ಭಾರ್ಗವೀ, ತಾಯಿ ಜೋಡಿ ಹಿಂಗ ಮಾತಾಡ್ತಾರೇನು?” ಎಂದು ಶ್ರೀಪತಿ ನಡುವೆ ಬಾಯಿ ಹಾಕಿದ.

“ನೀವು ಸುಮ್ಮನಿರ್ರಿ” ಎಂದಳು ವನಜಾ. ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ಆ ಮಾತನ್ನು ಅವಳು ಗಂಡನಿಗೆ ಅಂದದ್ದು ಅದೇ ಮೊದಲು.

ಮರುದಿನ ಭಾರ್ಗವಿ ಹೊರಟಾಗ ವನಜಾಳೂ ಚೀಲ ಕಟ್ಟಿದಳು. ಮಗಳು ಬಾ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಯೇವಲಾ, ವೈಜಾಪುರ ದಾಟುವ ತನಕ ಇಬ್ಬರೂ ಒಂದೇ ಸೀಟಿನಲ್ಲಿ ಅಪರಿಚಿತರಂತೆ ಕೂತರು. ಸಂಭಾಜಿನಗರದ ಸಿಡ್ಕೋ ಬಡಾವಣೆಯ ಒಂದು ಮನೆಯ ಹಿಂಬದಿಗೆ ಭಾರ್ಗವಿಯ ಕೋಣೆ. ಒಂದು ಚಾಪೆ, ಎರಡು ಪಾತ್ರೆ, ಕಿಟಕಿಗೆ ಪರದೆಯ ಬದಲು ದುಪಟ್ಟಾ. ವನಜಾ ಅಂದು ಮಗಳ ರಟ್ಟೆಯ ಮೇಲಿನ ಹಳೆಯ ಸುಟ್ಟ ಗಾಯವನ್ನು ಮೊದಲ ಸಲ ನೋಡಿದಳು. ಕೇಳಲು ಧೈರ್ಯ ಬರಲಿಲ್ಲ.

ಮೂರನೇ ದಿನ ಭಾರ್ಗವಿ ಕೆಲಸಕ್ಕೆ ಹೋದ ಮೇಲೆ ಅವಿನಾಶ್ ಗೇಟಿನ ಮುಂದೆ ಬೈಕು ನಿಲ್ಲಿಸಿದ. ಅತ್ತೆಯನ್ನು ಕಂಡು ಅವನ ಮುಖ ಅರಳಿತು.

“ಅತ್ತೀ, ಛಲೋ ಆತು ಬಂದ್ರಿ. ನೀವರೆ ಬುದ್ಧಿ ಹೇಳ್ರಿ ಆಕಿಗೆ. ಮನಿ ಮಾತು ಮನ್ಯಾಗ ಮುಗಿಸೋಣು.”

ವನಜಾ ಗೇಟಿನ ಚಿಲಕ ಹಿಡಿದುಕೊಂಡೇ ನಿಂತಳು. “ಸುಟ್ಟದ್ದು ಯಾರು ಆಕಿ ರಟ್ಟಿ?”

“ಸಿಟ್ಟಿನ್ಯಾಗ ಒಂದೊಂದ್ ಸಲ ಆಗಿರ್ತದ... ಮೆಲ್ಲಗ ಮಾತಾಡ್ರಿ, ಮಂದಿ ನೋಡ್ಲಿಕ್ಕೆ ಹತ್ಯಾರ.”

“ಇನ್ನೊಮ್ಮೆ ಈ ಓಣಿಗೆ ಕಾಲಿಟ್ಟಿ ಅಂದ್ರ ಪೊಲೀಸ್ ಠಾಣೆಗೆ ನಾನ ಹೋಗ್ತೇನಿ. ನಡಿ!”

ಎದುರು ಮನೆಯ ಕಿಟಕಿ ತೆರೆಯಿತು. ಮಾಲಕಿ ಹೊರಗೆ ಬಂದಳು. ಅವಿನಾಶ್ ಏನೋ ಬೈದು ಬೈಕು ಒದ್ದು ಹೋದ. ಸಂಜೆ ಭಾರ್ಗವಿಗೆ ಸುದ್ದಿ ತಿಳಿದು ಸಿಟ್ಟೇ ಬಂತು. “ಇಲ್ಲೆ ಬಾಡಿಗಿ ಇರಾಕಿ ನಾ. ಹಿಂಗ ಒದರಿದ್ರ ಮಾಲಕಿ ಏನಂತಾಳ?” ಎಂದಳು. ಊಟಕ್ಕೆ ಕೂತಾಗ ಮಾತ್ರ ಅಮ್ಮನ ತಾಟಿಗೆ ತಾನೇ ಎರಡನೇ ಭಕ್ಕರಿ ಹಾಕಿದಳು.

ಹನ್ನೊಂದು ದಿನದ ಮೇಲೆ ವನಜಾ ನಾಶಿಕಿಗೆ ಮರಳಿದಳು. ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲಲ್ಲಿ ಜಗದೇವಿ ಮಾಳವ್ವನ ಸೊಂಟ ಹಿಡಿದು ಒಂದೊಂದೇ ಹೆಜ್ಜೆ ಇಳಿಸುತ್ತಿದ್ದಳು. ಮುದುಕಿಯ ಬಲಗೈ ಚೀಲದಂತೆ ಜೋತುಬಿದ್ದಿತ್ತು. ವನಜಾ ಚೀಲ ಕೆಳಗಿಟ್ಟಳು.

“ಜಗದೇವೀ, ಸುಳ್ಳು ಹೇಳಿದ್ದು ತಪ್ಪಾತು ನಂದು. ನಾ ಈ ಕಡೆ ಹಿಡೀಲೇನು?”

“ನಿಮ್ಮ ತಪ್ಪು ನಿಮ್ಮ ಹಂತ್ಯಾಕ ಇಟ್ಕೋರಿ” ಎಂದಳು ಜಗದೇವಿ, ಅತ್ತೆಯ ಪಾದದಿಂದ ಕಣ್ಣು ಎತ್ತದೆ. “ದಾರಿ ಬಿಡ್ರಿ.”

ವನಜಾ ಚೀಲವನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಅಂಟಿ ನಿಂತಳು. ಅವರು ದಾಟಿಹೋಗಲು ಬಹಳ ಹೊತ್ತು ಹಿಡಿಯಿತು.